ಅಮ್ಮನ ಸೀಮೆಯ ಹಗುರಿ

ಹಗುರಿ ಎಂಬ ಲೋಹ ಈ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲ. ಅದು ಸಿಗುವುದು ಕೆಳಸೀಮೆಯಲ್ಲಿ ಮಾತ್ರ. ಕೆಳಸೀಮೆ ಇರುವುದು ಹಲಸೂರು ಕೆರೆಯ ತಳದಲ್ಲಿ, ನಡುಗಡ್ಡೆಯ ನೇರ ಕೆಳಗೆ. ಅಲ್ಲಿಗೆ ಹೋಗಲು ಉಸಿರು ಬಿಗಿಹಿಡಿದರೆ ಸಾಲದು, ಒಮ್ಮೆಯಾದರೂ ಯಾರ ಕೈಯಲ್ಲಾದರೂ ಚೆನ್ನಾಗಿ ಏಟು ತಿಂದಿರಬೇಕು. ಏಟು ತಿನ್ನದವರಿಗೆ ಆ ಸೀಮೆಯ ಬಾಗಿಲು ಕಾಣುವುದಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ನನ್ನ ಅಮ್ಮ. ಆ ಲೆಕ್ಕದಲ್ಲಿ ಅವಳಿಗೆ ಅಲ್ಲಿ ಬಾಗಿಲು ಸದಾ ತೆರೆದೇ ಇರುತ್ತಿತ್ತು.

ಹಗುರಿ ನೋಡಲು ಬೆಳ್ಳಿಯಂತೆ, ತೂಕ ಮಾತ್ರ ಒಣಗಿದ ಹೀರೇಕಾಯಿಯಷ್ಟು. ಇಡೀ ಕೆಳಸೀಮೆಯಲ್ಲಿ ಇರುವುದು ಒಂದೇ ಹಿಡಿ. ಅದನ್ನು ಮೈಮೇಲೆ ಇಟ್ಟುಕೊಂಡವರನ್ನು ಯಾರಾದರೂ ಹೊಡೆದರೆ ಆ ಏಟು ಹೊಡೆದವನ ಕೈಗೇ ವಾಪಸ್ಸು ಹೋಗುತ್ತದೆ. ಅಮ್ಮನ ಕಥೆಗಳಲ್ಲಿ ಯಾವ ರಾಜಕುಮಾರಿಗೂ ಮದುವೆಯಾದದ್ದು ನನಗೆ ನೆನಪಿಲ್ಲ. ದಾಸಿಗೆ ಚಾಟಿ ಬೀಸಿದ ದಳಪತಿಯ ಬೆನ್ನು ಸೀಳಿದ್ದು, ರಾಣಿಗೆ ಒದ್ದ ರಾಜನ ಮೊಣಕಾಲು ಮುರಿದದ್ದು ಚೆನ್ನಾಗಿ ನೆನಪಿದೆ. ಮೂಳೆ ಮುರಿದ ಸದ್ದನ್ನು ಅವಳು ನಾಲಗೆಯಲ್ಲಿ ಮಾಡಿ ತೋರಿಸುತ್ತಿದ್ದಳು, ಲಟಕ್ ಎಂದು. ಅಕ್ಕ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಅವಳ ಬೆನ್ನಿಗೆ ಶಾಖ ಕೊಡುತ್ತಿದ್ದಳು, ನಾನು ಕಾಲ ಬಳಿ ಕೂತು ಲಟಕ್ ಬರುವುದನ್ನೇ ಕಾಯುತ್ತಿದ್ದೆ. ಕಥೆ ಕೇಳುವ ಸಂಜೆಗಳೆಲ್ಲ ಅಪ್ಪ ಅಮ್ಮನನ್ನು ಹೊಡೆದ ಸಂಜೆಗಳೇ. ಬೇರೆ ದಿನ ಅವಳಿಗೆ ಪುರಸೊತ್ತಿರುತ್ತಿರಲಿಲ್ಲ.

ನಮ್ಮದು ಕಮ್ಮಾರರ ಮನೆ. ಹಲಸೂರಿನ ಓಣಿಯಲ್ಲಿ ಮುಂದೆ ಕುಲುಮೆ, ಹಿಂದೆ ಎರಡು ಕೋಣೆ. ಎರಡನೇ ಮಹಾಯುದ್ಧ ನಡೆದಷ್ಟು ಕಾಲ ಅಪ್ಪನಿಗೆ ದಂಡಿನ ಕುದುರೆ ಲಾಳ, ಗಾಡಿ ಅಚ್ಚಿನ ಕೆಲಸ ಕೈತುಂಬ ಇತ್ತು. ಯುದ್ಧ ಮುಗಿಯಿತು, ಸೋಲ್ಜರುಗಳು ಹಡಗು ಹತ್ತಿದರು, ಕೆಲಸ ನಿಂತಿತು. ಆಗ ಅಪ್ಪ ಕಬ್ಬಿಣ ಬಿಟ್ಟು ಅಲ್ಯೂಮಿನಿಯಂ ಹಿಡಿದ. ಹಳೇ ಯುದ್ಧದ ಸಾಮಾನನ್ನು ಮೂಸೆಯಲ್ಲಿ ಕರಗಿಸಿ, ಮರಳಿನ ಅಚ್ಚಿಗೆ ಸುರಿದು, ಬಾಣಲೆ, ಇಡ್ಲಿ ತಟ್ಟೆ ಎರಕ ಹೊಯ್ಯುವುದು. ಕೈ ಹೊಸ ಲೋಹಕ್ಕೆ ಬೇಗ ಒಗ್ಗಲಿಲ್ಲ. ಬಾಣಲೆಯಲ್ಲಿ ತೂತು ಬಿದ್ದರೆ ಮರಳು ಹದ ಮಾಡಿದವಳು ಅಮ್ಮ, ಆದ್ದರಿಂದ ತಪ್ಪು ಅಮ್ಮನದು. ಹೊಡೆಯಲು ಇಕ್ಕಳದ ಹಿಡಿ ಕೈಗೆ ಹತ್ತಿರವೇ ಇರುತ್ತಿತ್ತು. ಎದುರುಮನೆಯವರಿಗೆ ಎಲ್ಲ ಕೇಳಿಸುತ್ತಿತ್ತು. ಗಲಾಟೆ ಮುಗಿದ ಮೇಲೆ ಬಂದು, ಏನೂ ಆಗಿಲ್ಲವೆಂಬಂತೆ, ಒಲೆಗೆ ಕೆಂಡ ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಆ ಕೆಂಡದ ಮೇಲೆ ಅವರು ಅನ್ನ ಹೇಗೆ ಬೇಯಿಸಿಕೊಂಡರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಸಾಮಾನು ತರುತ್ತಿದ್ದವರು ರಸೆಲ್ ಮಾರುಕಟ್ಟೆಯ ಹಿಂದೆ ಗುಜರಿ ಇಟ್ಟುಕೊಂಡಿದ್ದ ಸಾಬರು. ಕೈಗಾಡಿಯನ್ನು ತಾವೇ ತಳ್ಳಿಕೊಂಡು ಬಂದು ಬಾಗಿಲಲ್ಲಿ ಸುರಿಯುತ್ತಿದ್ದರು. ಒಂದು ಸಲ ಅವರು ಸುರಿದ ರಾಶಿ ನೋಡಿ ಅಮ್ಮ ಏನಿದು ಎಂದು ಕೇಳಿದಳು.

"ಪೂರಾ ಏರೋಪ್ಲೇನ್ ಮಾಲು ಅಕ್ಕಾ," ಅಂದರು ಸಾಬರು. "ರೆಕ್ಕೆ, ಹೊಟ್ಟೆ, ಚಕ್ರ, ಎಲ್ಲಾ ಮಿಕ್ಸ್ ಐತೆ. ನೀವೇ ಆರಿಸ್ಕೊಳ್ಳಿ."

ಆರಿಸುವುದು ಅಮ್ಮನ ಕೆಲಸ. ಅಯಸ್ಕಾಂತಕ್ಕೆ ಅಂಟಿದ್ದು ಕಬ್ಬಿಣ, ಅದು ಒಂದು ಕಡೆ. ಉಳಿದದ್ದನ್ನು ಕೈಯಲ್ಲಿ ತೂಗಿ ನೋಡಿ, ಹಿತ್ತಾಳೆ ಬೇರೆ, ಅಲ್ಯೂಮಿನಿಯಂ ಬೇರೆ. ನಾನೂ ಅಕ್ಕನೂ ಎದುರು ಕೂತಿದ್ದೆವು. ಚಕ್ರದ ಒಡೆದ ಚೂರೊಂದನ್ನು ಎತ್ತಿದ ಅಮ್ಮ ಅದನ್ನು ಕೆಳಗಿಡಲಿಲ್ಲ. ಇನ್ನೊಂದು ಕೈಯಲ್ಲಿ ಅಷ್ಟೇ ದೊಡ್ಡ ಅಲ್ಯೂಮಿನಿಯಂ ತುಂಡು ಹಿಡಿದು ಎರಡನ್ನೂ ಮೇಲೆ ಕೆಳಗೆ ಆಡಿಸಿದಳು. ಆಮೇಲೆ ಆ ಚೂರನ್ನು ನನ್ನ ಅಂಗೈಯಲ್ಲಿಟ್ಟಳು. ಏನನ್ನೋ ಇಟ್ಟ ಹಾಗೆಯೇ ಅನಿಸಲಿಲ್ಲ.

"ಹಗುರಿ," ಅಂದೆ ನಾನು.

ಅಮ್ಮ ನಕ್ಕಳು. ಹಲ್ಲು ಕಾಣುವಂತೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ. "ಹೂಂ ಕಣೇ. ಕೆಳಸೀಮೆಯೋರು ಕಳಿಸವ್ರೆ," ಎಂದು ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಟಕ್ಕೆ ಮಾಡಿದಳು ಎಂದು ಅಕ್ಕ ಈಗಲೂ ವಾದಿಸುತ್ತಾಳೆ. ನಾನು ಅಮ್ಮನ ಮುಖ ನೋಡಿದ್ದೇನೆ. ಅದು ಬರೀ ಆಟವಾಗಿರಲಿಲ್ಲ. ಅಂದಿನಿಂದ ಸೀರೆ ಬದಲಾಯಿಸಿದಾಗಲೆಲ್ಲ ಗಂಟನ್ನೂ ಬದಲಾಯಿಸುತ್ತಿದ್ದಳು.

ಕೆಲವು ದಿನ ಮನೆ ತಣ್ಣಗಿತ್ತು. ಒಂದು ಮಧ್ಯಾಹ್ನ ಒಂದು ಸಾಲು ಇಡ್ಲಿ ತಟ್ಟೆ ಪೂರ್ತಿ ತೂತಾಗಿ ಎದ್ದವು. ಅಪ್ಪ ತಟ್ಟೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ, ಆಮೇಲೆ ಅದನ್ನೇ ಅಮ್ಮನ ಕಿವಿಯ ಮೇಲೆ ಬೀಸಿದ. ಅವಳು ಗೋಡೆಗೆ ಬಿದ್ದಳು. ನಾನು ಒಳಬಾಗಿಲಲ್ಲಿ ನಿಂತು ಅಪ್ಪನ ಕೈಯನ್ನೇ ನೋಡುತ್ತಿದ್ದೆ. ಈಗ ಮುರಿಯುತ್ತದೆ, ಈಗ ಮುರಿಯುತ್ತದೆ ಎಂದು ಕಾದೆ. ಕೈಗೆ ಏನೂ ಆಗಲಿಲ್ಲ. ಅದೇ ಕೈ ಇಕ್ಕಳ ತೆಗೆದುಕೊಂಡಿತು, ಭುಜಕ್ಕೆ ಕೊಟ್ಟಿತು, ಪಕ್ಕೆಗೆ ಕೊಟ್ಟಿತು. ಅಮ್ಮನ ಬಾಯಿಂದ ರಕ್ತ ಮರಳಿನ ರಾಶಿಗೆ ಬಿತ್ತು. ನನಗೆ ಹಗುರಿಯ ಮೇಲೆ ತಡೆಯಲಾರದ ಸಿಟ್ಟು ಬಂತು.

ಅಪ್ಪ ಸೆರಗು ಹಿಡಿದು ಎಳೆದಾಗ ಗಂಟು ಕಬ್ಬಿಣ ಬಡಿಯುವ ಅಡಿಗಲ್ಲಿಗೆ ತಾಗಿ ಸದ್ದಾಯಿತು.

"ಏನೇ ಇದು?"

"ಏನಿಲ್ಲ ಬಿಡ್ರಿ."

ಅವನು ಬಿಚ್ಚಿ ನೋಡಿದ. "ಮಾಲು ಕದ್ದು ತವರಿಗೆ ಸಾಗಿಸ್ತಿದೀಯಾ? ಅಲ್ಲಿ ಗರುಡಾಚಾರ್‌ಪಾಳ್ಯದಲ್ಲಿ ನಿಮ್ಮಪ್ಪ ಇದ್ರಲ್ಲಿ ಅರಮನೆ ಕಟ್ತಾನಾ?"

"ಮಕ್ಕಳ ಆಟಕ್ಕೆ ಇಟ್ಕೊಂಡಿದ್ದೆ ಕಣ್ರೀ. ಕೊಡಿ ಇಲ್ಲಿ."

ಕೊಡಿ ಎಂದು ಅವಳು ಕೈ ಚಾಚಿದ್ದೇ ಅವನಿಗೆ ಸಾಕಾಯಿತು. ಏಟು ತಿನ್ನುವಾಗ ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ. ಅವನು ಆ ಚೂರನ್ನು ಕುಲುಮೆಯೊಳಕ್ಕೆ, ಮೂಸೆಯ ಪಕ್ಕದ ಕೆಂಡಕ್ಕೆ ಎಸೆದ. ಗಾಳಿ ಊದುವ ತಿದಿಯ ಹತ್ತಿರ ನಿಂತಿದ್ದ ಅಕ್ಕನಿಗೆ, "ಏನ್ ನೋಡ್ತೀಯೇ, ಒತ್ತು," ಎಂದು ಕಿರುಚಿದ. ಅಕ್ಕ ಒತ್ತಿದಳು. ಅವನು ಮತ್ತೆ ಅಮ್ಮನ ಕಡೆ ತಿರುಗಿದ.

ಕುಲುಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಕೆಂಪು ಬೆಂಕಿ, ಹಳದಿ ಬೆಂಕಿ, ನೀಲಿ ಅಂಚಿನ ಬೆಂಕಿ ಎಲ್ಲ ನೋಡಿದ್ದೆ. ಬಿಳಿ ಬೆಂಕಿ ನೋಡಿರಲಿಲ್ಲ. ಕೆಂಡದ ನಡುವಿನಿಂದ ಅದು ಎದ್ದಾಗ ಗೋಡೆಯ ಮೇಲಿನ ನಮ್ಮ ನೆರಳುಗಳು ಕಡುಗಪ್ಪಾದವು, ಮಧ್ಯಾಹ್ನದ ಬಿಸಿಲು ಮಂಕಾಯಿತು. ಅಕ್ಕ ತಿದಿ ಬಿಟ್ಟು ಓಡಿದಳು. ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು, ಅವನ ಅಪ್ಪ ಮಾಡಿದ್ದನ್ನೇ, ಅವನ ತಾತ ಮಾಡಿದ್ದನ್ನೇ ಮಾಡಿದ. ನಮ್ಮ ಕಡೆ ಕಬ್ಬಿಣದ ಕುಲುಮೆಯಲ್ಲಿ ಬೆಂಕಿ ಅಂಕೆ ಮೀರಿದರೆ ಪಕ್ಕದ ಕಲ್ಲುದೋಣಿಯಿಂದ ನೀರು ಚಿಮುಕಿಸುತ್ತಾರೆ, ಬೆಂಕಿ ಬುಸ್ ಎಂದು ತಗ್ಗುತ್ತದೆ. ಲೋಹ ಬದಲಾಗಿದ್ದರೂ ಕೈ ಬದಲಾಗಿರಲಿಲ್ಲ. ಒಂದು ಚೊಂಬು ನೀರು ಎರಚಿದ. ಬೆಂಕಿ ತಗ್ಗುವ ಬದಲು ಮಾಡಿನವರೆಗೆ ಎದ್ದಿತು. ಬೆಂಕಿಯ ಮೇಲೂ ಅವನಿಗೆ ಕೋಪ ಬಂತು. ಬೈದುಕೊಂಡೇ ಕುಲುಮೆಯ ಮೇಲೆ ಬಗ್ಗಿ ಒಂದು ಬಕೆಟ್ ನೀರನ್ನು ಪೂರ್ತಿ ಸುರಿದ.

ಸಿಡಿದ ಸದ್ದು ರಿಚರ್ಡ್ಸ್ ಟೌನಿನವರೆಗೂ ಕೇಳಿತು ಎಂದು ಆಮೇಲೆ ಜನ ಮಾತಾಡಿಕೊಂಡರು, ಅದು ಉತ್ಪ್ರೇಕ್ಷೆ ಇರಬೇಕು. ಮೂಸೆ ಒಡೆದು ಕರಗಿದ ಲೋಹ ಮೇಲಕ್ಕೆ ಹಾರಿತು, ಅದರ ಜೊತೆ ಉರಿಯುವ ಬಿಳಿ ಚೂರುಗಳು. ಅಪ್ಪನ ಮುಖದ ಮೇಲೆ, ಎದೆಯ ಮೇಲೆ ಅವು ಕೂತು ಉರಿದವು. ಅವನು ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ. ಚರ್ಮ ಸುಟ್ಟ ವಾಸನೆ ಒಳಮನೆಗೆಲ್ಲ ತುಂಬಿತು. ನನ್ನ ಕಣ್ಣೆದುರಿಗೇ, ಆಗಷ್ಟೇ ಪಕ್ಕೆಲುಬಿಗೆ ಏಟು ತಿಂದು ಬಿದ್ದಿದ್ದ ಅಮ್ಮ ತೆವಳಿಕೊಂಡು ಎದ್ದಳು, ಅವನ ಮೇಲೆ ಬಿದ್ದು, ಬರಿಗೈಯಲ್ಲಿ ಆ ಚೂರುಗಳನ್ನು ಕಿತ್ತು ಎಸೆಯತೊಡಗಿದಳು. ಕಿತ್ತದ್ದು ಅವಳ ಅಂಗೈಗೆ ಅಂಟಿ ಅಲ್ಲಿಯೂ ಉರಿಯಿತು. ಮರಳಿನ ರಾಶಿಗೆ ಕೈ ತೂರಿಸಿ ಉರಿ ಆರಿಸಿಕೊಂಡು ಮತ್ತೆ ಕಿತ್ತಳು. ಯಾಕೆ ಹೋದೆ ಎಂದು ಮುಂದೆ ಎಷ್ಟೋ ಸಲ ಕೇಳಿದ್ದೇನೆ. "ಕೂಗ್ತಿದ್ರಲ್ಲ," ಎಂದಳೇ ಹೊರತು ಬೇರೆ ಉತ್ತರ ಕೊಡಲಿಲ್ಲ.

ದಂಡಿನ ಆಸ್ಪತ್ರೆಯಿಂದ ಅಪ್ಪ ಮನೆಗೆ ಬಂದಾಗ ಎರಡು ಕಣ್ಣೂ ಇರಲಿಲ್ಲ. ಅಮ್ಮನ ಅಂಗೈಗಳು ವಾಸಿಯಾಗುತ್ತ ಬಿಗಿದುಕೊಂಡು ಮುಷ್ಟಿ ಕಟ್ಟಲು ಬಾರದಂತಾದವು. ಓಣಿಯ ಜನ ಸಾಲುಗಟ್ಟಿ ಬಂದು ಅಪ್ಪನ ಮುಂದೆ ಅಯ್ಯೋ ಪಾಪ ಎಂದರು. ಅಮ್ಮನ ಬೆನ್ನಿಗೆ ಒಂದು ಸಲವೂ ಪಾಪ ಎನ್ನದ ಬಾಯಿಗಳು ಅವು. ನನಗಂತೂ ಒಳಗೊಳಗೇ ಖುಷಿಯಾಗಿತ್ತು. ಇದನ್ನು ಬಚ್ಚಿಡುವ ವಯಸ್ಸು ದಾಟಿದೆ, ಹೇಳಿಬಿಡುತ್ತೇನೆ, ತುಂಬಾ ಖುಷಿಯಾಗಿತ್ತು. ಹಗುರಿ ಸ್ವಲ್ಪ ತಡ ಮಾಡಿದರೂ ತನ್ನ ಕೆಲಸ ಮಾಡಿದೆ ಎಂದುಕೊಂಡೆ. ಎಷ್ಟೋ ವರ್ಷದ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಒಂದು ಬೆಳ್ಳನೆಯ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಉರಿಸಿ, ಅದೇ ಬಿಳಿ ಬೆಂಕಿ ಎಬ್ಬಿಸಿ, ಇದರ ಹೆಸರು ಮೆಗ್ನೀಸಿಯಂ ಎಂದು ಹೇಳಿದರು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು, ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಆದರೆ ಆಗ ನಾನು ಅಂದುಕೊಂಡಂತೆ ಅಪ್ಪನ ಹೊಡೆತ ಅಲ್ಲಿಗೆ ಮುಗಿಯಲಿಲ್ಲ. ಗಾಯ ಒಣಗಿ ಮೈಯಲ್ಲಿ ಶಕ್ತಿ ಬಂದ ಮೇಲೆ ಅಪ್ಪ ಕೋಣೆಯ ಕಲ್ಲುಕಂಬದ ಪಕ್ಕ ಕೂತು ಕರೆಯಲು ಶುರುಮಾಡಿದ. "ಬಾರೇ ಇಲ್ಲಿ. ಹತ್ತಿರ ಬಾ." ಸಾರಿಗೆ ಉಪ್ಪು ಕಮ್ಮಿಯಾಗಿರುತ್ತಿತ್ತು, ಇಲ್ಲವೇ ಅವನ ಬದಲು ಕುಲುಮೆಯನ್ನು ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪನ ಜೊತೆ ಅಮ್ಮ ಮಾತಾಡಿದ್ದು ಕೇಳಿಸಿರುತ್ತಿತ್ತು. ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಅವನ ಎದುರು ಕೂರುತ್ತಿದ್ದಳು. ಅವನು ಎಡಗೈಯಲ್ಲಿ ತಡಕಾಡಿ ಅವಳ ಜಡೆ ಹಿಡಿದು, ತಲೆ ಎಲ್ಲಿದೆ ಎಂದು ಖಚಿತ ಮಾಡಿಕೊಂಡು, ಬಲಗೈಯಲ್ಲಿ ಹೊಡೆಯುತ್ತಿದ್ದ.

ಕಣ್ಣಿಲ್ಲದವನ ಹತ್ತಿರ ತಾನಾಗಿಯೇ ಹೋಗಿ ಏಟು ತಿಂದು ಬರುವ ಅಮ್ಮನನ್ನು ಕಂಡರೆ ನನಗೆ ಅಸಹ್ಯವಾಗತೊಡಗಿತು. "ಯಾಕಮ್ಮ ಹೋಗ್ತೀಯಾ? ಅವನಿಗೆ ನೀನು ಕಾಣಿಸಲ್ವಲ್ಲ," ಎಂದು ಒಂದು ದಿನ ರೇಗಿದೆ.

"ಕರೀತಾರಲ್ಲ," ಅಂದಳು. ಆಮೇಲೆ, "ಅಭ್ಯಾಸ ಆಗೋಗಿದೆ ಕಣೇ," ಅಂದಳು. ಆ ಸಂಜೆ ಅಕ್ಕ ಉಪ್ಪು ಹುರಿದಳು, ಆದರೆ ಕಥೆ ಬರಲಿಲ್ಲ. ಬೆಂಕಿ ಬಿದ್ದ ದಿನದಿಂದ ಅಮ್ಮ ಕೆಳಸೀಮೆಯ ಹೆಸರೆತ್ತಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅವನು ಕರೆದದ್ದು ನನ್ನನ್ನು. ಬಿಸಿನೀರಿನ ಚೊಂಬು ಇಡುವಾಗ ನಾನು ಅವನ ಕಾಲಿನ ಮೇಲೆ ನೀರು ಚೆಲ್ಲಿದ್ದೆ. ಬೇಕೆಂದೇ ಚೆಲ್ಲಿದೆ ಎಂದು ಅವನು ನಂಬಿದ್ದ, ಅದು ಸುಳ್ಳು. "ಚಿಕ್ಕವಳನ್ನ ಕಳ್ಸೇ ಇಲ್ಲಿ," ಎಂದ. ಅಲ್ಲಿಯವರೆಗೆ ಅವನು ನಮ್ಮಿಬ್ಬರ ಮೈಮೇಲೆ ಕೈ ಮಾಡಿರಲಿಲ್ಲ. ವಿಚಿತ್ರವೆಂದರೆ ನನ್ನ ಕಾಲುಗಳು ತಾವಾಗಿಯೇ ಅವನ ಕಡೆ ನಡೆದವು. ಅಮ್ಮನ ಅಭ್ಯಾಸ ಏನೆಂದು ನನಗೆ ತಿಳಿದದ್ದು ಆವಾಗ.

ಅರ್ಧ ದಾರಿಯಲ್ಲಿ ಅಮ್ಮನ ತೋಳು ನನ್ನನ್ನು ತಡೆಯಿತು. ನನ್ನನ್ನು ಅಕ್ಕನ ಕಡೆ ತಳ್ಳಿ, ಬಾಯಿ ಮುಚ್ಚು ಎಂದು ಸನ್ನೆ ಮಾಡಿದಳು. ಅಕ್ಕ ನನ್ನ ಬಾಯಿ ಅದುಮಿ ಹಿಡಿದಳು. ಅಮ್ಮ ಸದ್ದಿಲ್ಲದೆ ಹೋಗಿ ಕಲ್ಲುಕಂಬದ ಹಿಂದೆ ನಿಂತಳು. ಕಂಬಕ್ಕೆ ಕೆನ್ನೆ ತಾಗಿಸಿ ಹೇಳಿದಳು, "ಅವಳು ಬರಲ್ಲ. ನಾನಿದೀನಿ, ಹೊಡೀರಿ."

ಜಡೆ ಹುಡುಕುವಷ್ಟು ತಾಳ್ಮೆ ಅಪ್ಪನಿಗಿರಲಿಲ್ಲ. ದನಿ ಬಂದ ಕಡೆಗೆ ಎದ್ದು, ಪೂರ್ತಿ ಬಲ ಹಾಕಿ ಮುಷ್ಟಿ ಬೀಸಿದ. ಲಟಕ್ ಎಂದಿತು. ಅಮ್ಮ ನಾಲಗೆಯಲ್ಲಿ ಮಾಡಿ ತೋರಿಸುತ್ತಿದ್ದದ್ದು ಅದೇ ಸದ್ದು, ಒಂದಿಷ್ಟೂ ಬೇರೆಯಲ್ಲ. ಅವನು ಬೆರಳುಗಳನ್ನು ಎದೆಗೆ ಒತ್ತಿಕೊಂಡು ನರಳಿದ.

"ಇಲ್ಲೇ ಇದೀನಿ ಕಣ್ರೀ," ಅಂದಳು ಅಮ್ಮ, ಕಂಬದ ಇನ್ನೊಂದು ಪಕ್ಕದಿಂದ.

ಎಡಗೈ ಬೀಸಿದ. ಅದೂ ಕಲ್ಲಿಗೆ ಬಿತ್ತು, ಗೆಣ್ಣುಗಳ ಚರ್ಮ ಕಿತ್ತು ರಕ್ತ ಕಂಬದ ಮೇಲೆ ಇಳಿಯಿತು. ಅಮ್ಮನ ಮುಖ ನೋಡಿ ನನಗೆ ಅಪ್ಪನ ಭಯಕ್ಕಿಂತ ಅವಳ ಭಯವೇ ಹೆಚ್ಚಾಯಿತು. ಅದರಲ್ಲಿ ಕೋಪವಿರಲಿಲ್ಲ. ಮರಳು ಹದವಾಗಿದೆಯೇ ಎಂದು ನೋಡುವಾಗ ಇರುತ್ತಿದ್ದಷ್ಟೇ ಗಮನ ಇತ್ತು.

"ಇನ್ನೂ ಇದೀನಿ," ಅಂದಳು.

ಅಪ್ಪ ಕೈ ಎತ್ತಲಿಲ್ಲ. ಕಂಬಕ್ಕೆ ಒರಗಿ ನಿಧಾನವಾಗಿ ಕುಸಿದು ಕೂತ. "ಎಲ್ಲಿದೀಯೇ?" ಎಂದು ಕೇಳಿದ. ಅಮ್ಮ ಅಡುಗೆಮನೆಗೆ ಹೋಗಿ ಅರಿಶಿನ ಬಿಸಿಮಾಡಿ ತಂದಳು. ಬಿದಿರಿನ ಪಟ್ಟಿ ಇಟ್ಟು ಬಟ್ಟೆ ಸುತ್ತಿದವಳು ಅಕ್ಕ. ಅಮ್ಮನ ಬೆರಳುಗಳು ಗಂಟು ಬಿಗಿಯುವಷ್ಟು ಮಡಚುತ್ತಿರಲಿಲ್ಲ.

ಎರಡು ಕೈಗೂ ಪಟ್ಟಿ ಕಟ್ಟಿದ್ದರಿಂದ ಅವನಿಗೆ ತಿನ್ನಿಸಬೇಕಾಯಿತು. ಅಮ್ಮನೇ ತಿನ್ನಿಸಿದಳು. ಪಟ್ಟಿ ಬಿಚ್ಚಿದ ಮೇಲೂ ಅದೇ ರೂಢಿ ಮುಂದುವರಿಯಿತು, ಅವನು ಸಾಯುವವರೆಗೂ. ಅವಳ ಹೆಜ್ಜೆ ಸದ್ದು ಕೇಳಿದ ಕೂಡಲೇ ಅಪ್ಪ ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಬಾಯಿ ತೆರೆಯುತ್ತಿದ್ದ. ಅಮ್ಮ ಸುಟ್ಟ ಬೆರಳುಗಳ ತುದಿಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಒಂದೊಂದೇ ತುತ್ತು ಒಳಗಿಡುತ್ತಿದ್ದಳು.