ಅಲೆಕ್ಸಾಂಡ್ರಿಯಾಕ್ಕೆ ಹೋದವಳ ಮೊಮ್ಮಗಳು

ಮಾತಾಡುವಾಗಲೂ ಅವರ ಬೆರಳು ನಿಲ್ಲುತ್ತಿರಲಿಲ್ಲ. ತೊಡೆಯ ಮೇಲೊಂದು ಉರುಟು ದಿಂಬು, ಅದಕ್ಕೆ ಚುಚ್ಚಿದ ಗುಂಡುಸೂಜಿಗಳು, ದಾರ ಸುತ್ತಿದ ಪುಟ್ಟ ಮರದ ಕಡ್ಡಿಗಳು. ಅವನ್ನು ಅತ್ತಿಂದಿತ್ತ ದಾಟಿಸಿ ಲೇಸ್ ಹೆಣೆಯುತ್ತಿದ್ದರು. ಆ ಟಕಟಕ ಸದ್ದು ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿಗೂ ಕೇಳುತ್ತಿತ್ತು.

ಪಕ್ಕದ ಮನೆಯ ಈ ಅಜ್ಜಿ ಸ್ಲೊವೇನಿಯಾದವರು. ಎಂಜಿನಿಯರ್ ಗಂಡನ ಜೊತೆ ನೈರೋಬಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ದಿಂಬು ಕೈಯಲ್ಲಿಲ್ಲದಿದ್ದರೆ ಕೂರುತ್ತಲೇ ಇರಲಿಲ್ಲ. ಚಹಾ ಕಪ್ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. "ಸುಮ್ಮನೆ ಕೂತರೆ ಯೋಚನೆ ಬರುತ್ತೆ" ಎನ್ನುತ್ತಿದ್ದರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ.

ನಾನೂ ನನ್ನ ಗಂಡನೂ ಕೆಲಸದ ಮೇಲೆ ಸದಾ ತಿರುಗಾಟದಲ್ಲಿರುತ್ತಿದ್ದೆವು. ಮೂರು ವರ್ಷದ ಮಗಳು ಮೈಸೂರಿನಲ್ಲಿ ನನ್ನ ಅಮ್ಮನ ಹತ್ತಿರ. ಒಂದು ಭಾನುವಾರ ಅಜ್ಜಿಯ ಮನೆಯಲ್ಲಿದ್ದಾಗಲೇ ವೀಡಿಯೊ ಕಾಲ್ ಬಂತು. ಮಗಳು ನನ್ನನ್ನೊಮ್ಮೆ ನೋಡಿ, ನನ್ನ ಅಮ್ಮನ ಕಡೆ ತಿರುಗಿ, "ಅಮ್ಮಾ, ಸಾಕು, ಫೋನ್ ಇಡು" ಎಂದಳು.

"ಏನಂದಳು?" ಅಜ್ಜಿ ಕೇಳಿದರು. ಹೇಳಿದೆ. ಟಕಟಕ ನಿಂತಿತು.

ಈ ಅಜ್ಜಿಯ ಅಜ್ಜಿ, ಮೊಲೆ ಕುಡಿಯುವ ಕೂಸನ್ನು ಬಿಟ್ಟು ಹಡಗು ಹತ್ತಿದ್ದಳಂತೆ, ಈಜಿಪ್ಟಿನ ಸಿರಿವಂತರ ಮಗುವಿಗೆ ಹಾಲೂಡಿಸಲು. ಅಡವಿಟ್ಟ ಹೊಲ ಬಿಡಿಸಿಕೊಳ್ಳಲು ಅವರ ಕಣಿವೆಯ ಎಷ್ಟೋ ಹೆಂಗಸರು ಹಾಗೆ ಹೋದರಂತೆ. ಅವರಿಗೆ 'ಅಲೆಕ್ಸಾಂಡ್ರಿಂಕೆ', ಅಂದರೆ ಅಲೆಕ್ಸಾಂಡ್ರಿಯಾಕ್ಕೆ ಹೋದವರು, ಎಂದೇ ಹೆಸರು.

"ವರ್ಷಗಳಾದ ಮೇಲೆ ತಿರುಗಿ ಬಂದಳು. ಆ ಕೂಸೇ ನನ್ನ ತಾಯಿ. ಮಂಚದ ಕೆಳಗೆ ಅಡಗಿ, 'ಈ ಹೆಂಗಸು ಯಾವಾಗ ಹೋಗ್ತಾಳೆ?' ಅಂತ ಕೇಳಿದಳಂತೆ. ಹೊಲ ಉಳೀತು. ಆದರೆ ಸಾಯೋವರೆಗೂ ಇಬ್ಬರೂ ನೆಂಟರ ಹಾಗೇ ಇದ್ದರು."

ನನಗೆ ಸಿಟ್ಟು ಬಂತು. "ನನ್ನ ಕಥೆ ಬೇರೆ."

"ಬೇರೆಯೇ. ನಿನಗೆ ವಿಮಾನ ಇದೆ."

ಆ ವಾರವೆಲ್ಲ ಆಫೀಸಿನಲ್ಲಿ ಒಂದು ಕಡೆ ನಿಲ್ಲಲಾಗಲಿಲ್ಲ. ಕೊನೆಗೆ ತಿರುಗಾಟವಿಲ್ಲದ ಕೆಲಸ ಕೇಳಿ ಪಡೆದು, ಮೈಸೂರಿಗೆ ಹೋಗಿ ಮಗಳನ್ನು ಕರೆತಂದೆ. ಅವಳು ಪರದೆಯ ಹಿಂದೆ ಸೇರಿಕೊಂಡು ಅಳುತ್ತಿದ್ದಳು.

"ಕರೀಬೇಡ," ಅಂದರು ಅಜ್ಜಿ. "ಹತ್ತಿರದಲ್ಲಿ ನೆಲದ ಮೇಲೆ ಕೂತು ನಿನ್ನ ಕೆಲಸ ಮಾಡ್ಕೋ."

ಹಾಗೇ ಕೂತೆ, ದಿನಾ. ಒಂದು ಬೆಳಿಗ್ಗೆ ಸ್ನಾನ ಮಾಡಿಸುವಾಗ ಸೋಪು ಕಣ್ಣಿಗೆ ಹೋಗಿ, "ಅಮ್ಮಾ, ಉರೀ!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಹೇಳೋಣವೆಂದು ಪಕ್ಕದ ಮನೆಗೆ ಓಡಿದರೆ ಬೀಗ. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದ ಕಾವಲುಗಾರ.

ಮಗಳನ್ನು ಗಂಡನ ಹತ್ತಿರ ಬಿಟ್ಟು ಆಸ್ಪತ್ರೆಗೆ ಹೋದೆ. ಅಜ್ಜಿ ಉಸಿರಾಟಕ್ಕೇ ಕಷ್ಟಪಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಜೋರಾಗಿ ಕೂಗಿದಳಾ?" ಎಂದರು.

"ಕಟ್ಟಡಕ್ಕೆಲ್ಲ ಕೇಳೋ ಹಾಗೆ."

ನಕ್ಕರು. ಮರುಕ್ಷಣವೇ ಹುಬ್ಬು ಗಂಟಿಕ್ಕಿ, ಕೈಯಿಂದ ನನ್ನನ್ನು ತಳ್ಳಿದರು. "ಮತ್ತೆ ಇಲ್ಲೇನು ಮಾಡ್ತಿದ್ದೀಯಾ? ಹೋಗು, ಮನೆಗೆ ಹೋಗು."

ಹೋದೆ. ಮರುದಿನ ಅವರು ಇರಲಿಲ್ಲ.