ಎರಡನೆಯ ಶ್ಲೋಕ

ನಮ್ಮ ಮನೆಯಲ್ಲಿ ದೇವರ ಮುಂದೆ ದನಿ ಎತ್ತಿ ಶ್ಲೋಕ ಹೇಳುವುದು ಗಂಡಸರ ಹಕ್ಕು. ಹೆಂಗಸರು ಹೂಬತ್ತಿ ಹೊಸೆಯುತ್ತ ತುಟಿ ಅಲ್ಲಾಡಿಸಿದರೆ ಸಾಕಿತ್ತು. ಅದಕ್ಕೇ, ಒಂದು ಬೆಳಿಗ್ಗೆ ನನ್ನ ತಮ್ಮ ಪೂಜೆಯ ನಡುವೆ ತಿರುಗಿ, “ಅಕ್ಕಾ, ಎರಡನೇ ಶ್ಲೋಕ ನೀ ಹೇಳು, ಮೂರನೇದು ನಾ ಹೇಳ್ತೀನಿ” ಎಂದಾಗ ನಾನು ಉಬ್ಬಿಹೋದೆ.

ಉಬ್ಬಲು ಕಾರಣವೂ ಇತ್ತು. ಹಿಂದಿನ ವರ್ಷ ಅವನಿಗೆ ರಕ್ತದ ಕ್ಯಾನ್ಸರ್ ಆಗಿ ಹೈದರಾಬಾದಿನಲ್ಲಿ ಅಸ್ಥಿಮಜ್ಜೆಯ ಕಸಿ ಮಾಡಿದಾಗ, ಮಜ್ಜೆ ಕೊಟ್ಟವಳು ನಾನು. ಗುಡಿಯ ಅರ್ಚಕನಾಗಿದ್ದವನು, ಜನರ ನಡುವೆ ಹೋಗಬೇಡ ಎಂದು ಡಾಕ್ಟರು ಹೇಳಿದ್ದರಿಂದ ರಾಯಚೂರಿನ ಮನೆಯಲ್ಲೇ ಪೂಜೆ ಮಾಡಿಕೊಂಡಿದ್ದ. ಮಜ್ಜೆ ಕೊಟ್ಟ ಅಕ್ಕನಿಗೆ ಪೂಜೆಯಲ್ಲಿ ಪಾಲು ಕೊಟ್ಟ ಅಂದುಕೊಂಡೆ. ಮಾನ್ವಿಯ ಶಾಲೆಗೆ ಹೋಗುವ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿಕೊಂಡೆ. ನಾನು ವಿಜ್ಞಾನದ ಟೀಚರು, ಮಕ್ಕಳಿಗೆ ಶ್ವಾಸಕೋಶದ ಚಿತ್ರ ಬರೆಸುವವಳು. ನಾಚಿಕೆಯಾಗಬೇಕು ನನಗೆ.

ಚಿಕ್ಕವನಿದ್ದಾಗ ಒಂದೇ ಉಸಿರಿಗೆ ಮೂರು ಶ್ಲೋಕ ಹೇಳಿ ನನ್ನನ್ನು ಅಣಕಿಸುತ್ತಿದ್ದ. ಈಗ ಮೆಟ್ಟಿಲ ನಡುವೆ ನಿಂತು, ಸಡಿಲವಾಗದ ಧೋತರವನ್ನು ಮತ್ತೆ ಕಟ್ಟುತ್ತಿದ್ದ. ಒಣಕೆಮ್ಮು ಇತ್ತು. ಪಕ್ಕದ ಹತ್ತಿ ಮಿಲ್ಲಿನ ಧೂಳು ಎಂದು ಇಬ್ಬರೂ ಒಪ್ಪಿಕೊಂಡೆವು. ಆಸ್ಪತ್ರೆಯಲ್ಲಿ ಕೊಳವೆ ಊದಿಸಿ ಉಸಿರು ಅಳೆಯುವ ಪರೀಕ್ಷೆಯೊಂದಿತ್ತು. ಅದರ ದಿನ ಬಂದಾಗ, “ಆರಾಮ ಅದೀನಲ್ಲ, ಈ ಬಿಸಿಲಾಗ ಯಾಕ ಹೋಗೋದು?” ಎಂದ. ನನಗೂ ದೇವದುರ್ಗದಲ್ಲಿ ಮಕ್ಕಳ ಪರೀಕ್ಷೆಯ ಕೆಲಸ ಬಿದ್ದಿತ್ತು. ಹೂಂ ಅಂದೆ.

ಒಂದು ದಿನ ನೀರಿನ ಕೊಡ ಎತ್ತಲಾರದೆ ಅಲ್ಲೇ ಕುಸಿದು ಕೂತ. ಹೈದರಾಬಾದಿಗೆ ಓಡಿದೆವು. ಡಾಕ್ಟರು ಕೊಳವೆ ಊದಿಸಿದರು, ಸ್ಕ್ಯಾನ್ ಮಾಡಿಸಿದರು. ನನ್ನ ಮಜ್ಜೆಯಿಂದ ಬಂದ ಕಣಗಳು ಅವನ ಶ್ವಾಸಕೋಶವನ್ನು ಪರರದೆಂದು ತಿಳಿದು ಮೇಲೆ ಬಿದ್ದಿದ್ದವು. ಸಣ್ಣ ಸಣ್ಣ ಉಸಿರುನಾಳಗಳು ಗಾಯವಾಗಿ, ಗಂಟುಗಟ್ಟಿ ಕಿರಿದಾಗಿದ್ದವು. ಮುಚ್ಚಿದ್ದು ಮತ್ತೆ ತೆರೆಯುವುದು ಕಷ್ಟ, ಉಳಿದದ್ದನ್ನು ಔಷಧಿಯಿಂದ ಉಳಿಸಿಕೊಳ್ಳೋಣ ಎಂದರು.

“ಉಸಿರು ಕಮ್ಮಿ ಆಗಿದ್ದು ಯಾವಾಗಿಂದ?” ಎಂದು ಕೇಳಿದರು.

ಕೇಳಿದ್ದು ತಮ್ಮನನ್ನು. ಉತ್ತರ ನನ್ನ ಬಾಯಿಂದ ಬಂತು: “ನನಗ ಎರಡನೇ ಶ್ಲೋಕ ಕೊಟ್ಟಾಗಿಂದ.” ಹೇಳುತ್ತಿದ್ದಂತೆಯೇ ನನಗೆ ಅರ್ಥವಾಯಿತು. ಡಾಕ್ಟರಿಗೆ ಏನೂ ತಿಳಿಯಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಸಿಟ್ಟು ತಡೆಯಲಾಗಲಿಲ್ಲ. “ಯಾಕ ಬಾಯಿ ಬಿಡಲಿಲ್ಲೋ?”

“ನೀ ಎಷ್ಟು ಖುಷಿಲಿಂದ ಹೇಳಾಕತ್ತಿದ್ದಿ. ನೀ ಕೊಟ್ಟಿದ್ದು ಕೆಟ್ಟಿತು ಅಂದ್ರ ನಿನಗ ಹೆಂಗ ಆಗ್ತಿತ್ತು?”

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಸ್ಸು ಕಲ್ಲೂರು ದಾಟುವಷ್ಟರಲ್ಲಿ ಎರಡು ಸಲ ಫೋನ್ ಮಾಡುತ್ತೇನೆ. “ಮಾತಾಡಿಸಿ ಮಾತಾಡಿಸಿ ಇದ್ದ ಉಸಿರೂ ಖಾಲಿ ಮಾಡ್ತಿ” ಎಂದು ಬೈಯುತ್ತಾನೆ. ಬೈಗುಳದ ನಡುವೆ ಉಸಿರಿಗಾಗಿ ಎಷ್ಟು ಸಲ ನಿಲ್ಲಿಸಿದ ಎಂದು ನಾನು ಎಣಿಸುತ್ತಿರುತ್ತೇನೆ. ತರಗತಿಯಲ್ಲಿ ಶ್ವಾಸಕೋಶದ ಪಾಠ ಬಂದರೆ ಪುಟ ಹಾರಿಸಿಬಿಡುತ್ತೇನೆ.

ಕಳೆದ ವಾರ ಮತ್ತೆ ಊದಿಸಿದರು. ಅಳತೆ ಏರಿಲ್ಲ, ಇಳಿದೂ ಇಲ್ಲ. ಮರುದಿನ ಪೂಜೆಯಲ್ಲಿ ಅವನು ಮೊದಲ ಶ್ಲೋಕ ಮುಗಿಸಿದ. ನಾನು ಬೇಕೆಂದೇ ಬಾಯಿ ಮುಚ್ಚಿ ಕೂತೆ. ಎರಡನೆಯದನ್ನು ತಾನೇ ಎತ್ತಿಕೊಂಡು ಅರ್ಧಕ್ಕೆ ನಿಂತ. ಮೊದಲಾಗಿದ್ದರೆ ದೀಪದ ಬತ್ತಿ ಸರಿಮಾಡುವ ನೆಪ ತೆಗೆಯುತ್ತಿದ್ದ. ಈ ಸಲ ನನ್ನ ಕಡೆ ತಿರುಗಿದ.

“ಉಸಿರು ಸಾಲವಲ್ದು ಅಕ್ಕಾ. ನೀ ಹೇಳು.”

ಕೈಯಲ್ಲಿದ್ದ ಹೂಬತ್ತಿ ಕೆಳಗಿಟ್ಟೆ. ಅವನು ಕಾದ. ಆಮೇಲೆ ಎರಡನೆಯದನ್ನೂ ಮೂರನೆಯದನ್ನೂ ನಾನೇ ಹೇಳಿದೆ.