ಓದಿ ಹೇಳಿದ ಮೇಲೆಯೇ ಸಹಿ

ನಮ್ಮ ಊರಿನ ಸ್ವಯಂಸೇವಾ ಮಾನವ ಹಕ್ಕುಗಳ ಆಯೋಗವೆಂದರೆ ದೊಡ್ಡ ಕಟ್ಟಡ, ದೊಡ್ಡ ಅಧಿಕಾರ ಎಂದು ಯಾರೂ ಭಾವಿಸಬೇಕಿಲ್ಲ. ಗ್ರಂಥಾಲಯದ ಮೇಲಂತಸ್ತಿನಲ್ಲಿ ಒಂದು ಕೋಣೆ, ಒಂದು ಉದ್ದನೆಯ ಮೇಜು, ಸಂಬಳವಿಲ್ಲದ ಏಳು ಮಂದಿ ಸದಸ್ಯರು. ಶಿಕ್ಷಿಸುವ ಅಧಿಕಾರವಿಲ್ಲ, ಎರಡೂ ಕಡೆಯವರನ್ನು ಕೂರಿಸಿ ಕೇಳುವ, ಕೇಳಿ ಶಿಫಾರಸು ಬರೆಯುವ ಅಧಿಕಾರ ಮಾತ್ರ. ಇಂಥ ಕೋಣೆಗೂ ಒಂದು ಘನತೆ ಬಂದಿದ್ದರೆ ಅದಕ್ಕೆ ಕಾರಣರು, ಇಪ್ಪತ್ತೆರಡು ವರ್ಷ ಅದರ ಕಾರ್ಯದರ್ಶಿಯಾಗಿದ್ದು, ಎಪ್ಪತ್ತೈದು ತುಂಬಿದವರು ಸ್ಥಾನ ಬಿಡಬೇಕೆಂಬ ನಿಯಮಕ್ಕೆ ತಲೆಬಾಗಿ ಈಗ ನಿವೃತ್ತರಾಗುತ್ತಿರುವ ಪೆನ್ನಣ್ಣನವರು.

ಹೆತ್ತವರಿಟ್ಟ ಹೆಸರು ಬೇರೆ ಇದೆ. ಅದು ಮತದಾರರ ಪಟ್ಟಿಗಷ್ಟೇ ಗೊತ್ತು. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ಅವರ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಔಷಧದ ಚೀಟಿ ಕೈಗೆ ಬಂದರೂ ತಿದ್ದಿಯೇ ಮುಂದಕ್ಕೆ ಕೊಡುವವರು. "ನಮ್ಮ ಮದುವೆ ಕಾಗದ ತಿದ್ದಿದ್ದು ಸಾಲದು ಅಂತ ನನ್ನನ್ನೂ ತಿದ್ದೋಕೆ ನೋಡಿದ್ರು. ಪೆನ್ನಿನ ಶಾಯಿ ಮುಗೀತು, ನಾನು ಹಾಗೇ ಇದ್ದೀನಿ" ಎಂದು ಅವರ ಮನೆಯಾಕೆ ಇಂದಿಗೂ ನಗುತ್ತಾರೆ.

ಆಯೋಗಕ್ಕೆ ಬಂದ ಎರಡನೆಯ ವರ್ಷ ಅವರ ಮುಂದೆ ಬಂದು ಕುಳಿತವರು ಬಟ್ಟೆಗೆ ಇಸ್ತ್ರಿ ಹಾಕುವ ಅಂಗಡಿಯ ಅಕ್ಕ. ಆಕೆಯ ತಮ್ಮನಿಗೆ ಮೂರ್ಛೆರೋಗ. ಅವನು ಒಮ್ಮೆ ಮೆಟ್ಟಿಲ ಮೇಲೆ ಬಿದ್ದದ್ದನ್ನು ಕಂಡ ಮನೆಯ ಮಾಲೀಕರು, ತಿಂಗಳೊಳಗೆ ಮನೆ ಖಾಲಿ ಮಾಡಬೇಕೆಂದು ಹೇಳಿದ್ದರು. "ನಿನ್ನ ತಮ್ಮ ಬಿದ್ದು ಬಿದ್ದು ನನ್ನ ಮೆಟ್ಟಿಲು ಗಲೀಜಾಗುತ್ತೆ ಅಂದ್ರು ಅಣ್ಣಾ. ಅವನೇನು ಬೇಕು ಅಂತ ಬೀಳ್ತಾನಾ?" ಎಂದಿದ್ದರು ಆಕೆ. ಪೆನ್ನಣ್ಣನವರು ಅಷ್ಟನ್ನೂ ಕೇಳಿಸಿಕೊಂಡು, ದೂರನ್ನು ತಮ್ಮ ಅಭ್ಯಾಸದಂತೆ ಚೊಕ್ಕಗೊಳಿಸಿ, 'ದೈಹಿಕ ಅಸ್ವಾಸ್ಥ್ಯದ ನೆಲೆಯಲ್ಲಿ ತಾರತಮ್ಯವೆಸಗಿ ವಸತಿಯ ಹಕ್ಕಿನಿಂದ ವಂಚಿಸಲಾಗುತ್ತಿದೆ' ಎಂದು ಬರೆದರು. ಆಕೆ ಓದಲಾರದೆ ಸಹಿ ಹಾಕಿದರು.

ವಿಚಾರಣೆಯ ದಿನ ಮಾಲೀಕರ ವಕೀಲರು ಆ ಸಾಲುಗಳನ್ನು ಗಟ್ಟಿಯಾಗಿ ಓದಿ, "ಇದನ್ನ ಹೇಳಿದ್ದು ನೀವೇನಾ?" ಎಂದು ಕೇಳಿದರು. ಆಕೆಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. "ಇಲ್ಲ ಸಾರ್, ನಾನು ಹಾಗೆಲ್ಲ ಹೇಳಿಲ್ಲ" ಎಂದುಬಿಟ್ಟರು. ಅಷ್ಟೇ ಸಾಕಾಯಿತು. ದೂರು ಆಕೆಯದಲ್ಲವೆಂದು ಸದಸ್ಯರು ಅದನ್ನು ಬದಿಗಿಟ್ಟರು. ತಿಂಗಳು ಮುಗಿಯುವಷ್ಟರಲ್ಲಿ ಅಕ್ಕ, ತಮ್ಮ ಇಬ್ಬರೂ ಆ ಮನೆ ಬಿಟ್ಟರು.

ಮರುವಾರ ಪೆನ್ನಣ್ಣನವರು ಅಂಗಡಿಗೆ ಹೋಗಿ ಕೈಮುಗಿದು ನಿಂತರು. "ನೀವು ಚೆನ್ನಾಗೇ ಬರೆದಿದ್ರಿ ಅಣ್ಣಾ. ಆದ್ರೆ ಅದರಲ್ಲಿ ನನ್ನ ತಮ್ಮ ಎಲ್ಲೂ ಇರಲಿಲ್ಲ" ಎಂದರು ಆಕೆ. ಅವರು ಅಲ್ಲಿಯೇ ಕುಳಿತು, ಆಕೆಯ ಮಾತನ್ನು ಆಕೆಯ ಮಾತಿನಲ್ಲೇ ಬರೆದುಕೊಂಡು, ಸದಸ್ಯರ ಗೊಣಗಾಟಕ್ಕೆ ಕಿವಿಗೊಡದೆ ದೂರನ್ನು ಮತ್ತೆ ಮೇಜಿನ ಮೇಲಿಟ್ಟರು. ಈ ಸಲ ಓದಿದಾಗ ಮಾಲೀಕರು ತಲೆ ತಗ್ಗಿಸಿ, "ಮೆಟ್ಟಿಲಿನ ಮಾತು ನಾನು ಆಡಿದ್ದು ನಿಜ" ಎಂದು ಒಪ್ಪಿಕೊಂಡರು. ಕ್ಷಮೆಯ ಪತ್ರವನ್ನೂ ಬರೆದುಕೊಟ್ಟರು. ಆದರೆ ಮನೆಗೆ ಅಷ್ಟರಲ್ಲಿ ಬೇರೆಯವರು ಬಂದಾಗಿತ್ತು. ಆ ಮನೆ ಮರಳಿ ಸಿಗಲೇ ಇಲ್ಲ.

ಬೇರೆಲ್ಲ ಕಡೆ ಜೇಬಿನಲ್ಲಿದ್ದರೂ, ಅಂದಿನಿಂದ ಕೆಂಪು ಪೆನ್ನು ಆಯೋಗದ ಮೆಟ್ಟಿಲು ಹತ್ತಿಲ್ಲ. ದೂರನ್ನು ಬರೆದು, ನಿಧಾನವಾಗಿ ಓದಿ ಹೇಳಿ, ಎದುರಿಗಿದ್ದವರು "ನಾನು ಹೇಳಿದ್ದು ಇದೇ" ಎಂದ ಮೇಲೆಯೇ ಸಹಿಗೆ ಕಾಗದ ಮುಂದಿಡುವುದು ನಮ್ಮಲ್ಲಿ ಪದ್ಧತಿಯಾಯಿತು. ಆಸ್ಪತ್ರೆಯ ಕಸಗುಡಿಸುವ ತಾಯಿಯೊಬ್ಬರು "ಅದಲ್ಲಣ್ಣಾ" ಎಂದು ಐದು ಸಲ ಬರೆಸಿದಾಗ, ಗಡಿಯಾರ ನೋಡುತ್ತಿದ್ದ ನಮ್ಮನ್ನೆಲ್ಲ ಮನೆಗೆ ಕಳಿಸಿ, ಪೆನ್ನಣ್ಣನವರು ಆರನೆಯ ಹಾಳೆ ತೆಗೆದರು.

ಹನ್ನೊಂದು ವರ್ಷ ಅವರ ಪಕ್ಕದಲ್ಲಿ ಕುಳಿತು ಕೆಲಸ ಕಲಿತು, ಈಗ ಅವರ ಸ್ಥಾನಕ್ಕೆ ಬಂದಿರುವ ಈ ಲೇಖಕಿ, ಅದೇ ಪದ್ಧತಿಯಂತೆ ಈ ಲೇಖನವನ್ನು ಅವರಿಗೆ ಓದಿ ಹೇಳಿದಳು. ಮೊದಲ ಕರಡಿನಲ್ಲಿ ಹೊಗಳಿಕೆಯ ಹೊಳೆಯೇ ಹರಿದಿತ್ತು. ಇಸ್ತ್ರಿ ಅಕ್ಕನ ಪ್ರಸಂಗವಿರಲಿಲ್ಲ. "ಎಲ್ಲಮ್ಮಾ ನನ್ನ ತಪ್ಪು? ಅದನ್ನ ಬಿಟ್ರೆ ಇದು ಯಾರೋ ಬೇರೆ ದೊಡ್ಡ ಮನುಷ್ಯನ ಕಥೆ. ನಾನಲ್ಲ" ಎಂದು ಅವರು ಕಾಗದವನ್ನು ಹಿಂದಕ್ಕೆ ತಳ್ಳಿದರು.

ಪ್ರಸಂಗ ಸೇರಿತು. ಸೇರಿದ ಮೇಲೆ ಅದು ಇಸ್ತ್ರಿ ಅಕ್ಕನ ಮಾತೂ ಆಯಿತಲ್ಲ, ಅವರಿಗೂ ಓದಿ ಹೇಳಬೇಕಾಯಿತು. ತಲೆ ನರೆತ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಪೂರ್ತಿ ಕೇಳಿದರು. ಒಳಗೆ ಅಂಗಿ ಮಡಚುತ್ತಿದ್ದ ತಮ್ಮನೂ ಬಂದು ನಿಂತ.

"ಎಲ್ಲ ಸರಿ ತಾಯಿ, ಒಂದು ಬಿಟ್ಟಿದ್ದೀಯ" ಎಂದರು ಆಕೆ. "ನಾವು ಮನೆ ಬಿಟ್ಟ ದಿನ ಸಾಮಾನು ಹೊತ್ತಿದ್ದು ಯಾರು? ಹೊಸ ಮನೆ ಮೂರನೇ ಮಹಡಿ. ಬೇಡ ಅಂದ್ರೂ ಕೇಳ್ಲಿಲ್ಲ, ನಮ್ಮ ಕಬ್ಬಿಣದ ಮಂಚ ಹೊತ್ಕೊಂಡು ಅಷ್ಟೂ ಮೆಟ್ಟಿಲು ಹತ್ತಿದ್ರು. ಅಳ್ತಾ ಹತ್ತಿದ್ರು. ಅದನ್ನ ಬರಿ."

ಇಪ್ಪತ್ತು ವರ್ಷದಲ್ಲಿ ಪೆನ್ನಣ್ಣನವರು ಈ ಮಾತನ್ನು ನಮ್ಮಲ್ಲಿ ಯಾರೊಂದಿಗೂ ಆಡಿದವರಲ್ಲ. ಲೇಖಕಿ ಅಲ್ಲಿಯೇ ಬರೆದು, ಮತ್ತೆ ಓದಿದಳು.

ಅವರು ನೂರು ವರ್ಷ ಗಟ್ಟಿಮುಟ್ಟಾಗಿರಲಿ. ನಿವೃತ್ತಿಯ ನೆಪ ಹೇಳದೆ ವಾರಕ್ಕೊಮ್ಮೆಯಾದರೂ ಆ ಮೇಲಂತಸ್ತಿನ ಕೋಣೆಗೆ ಬಂದು, ನಾವು ಓದುವುದನ್ನು ಕೇಳಲಿ ಎಂಬುದು ನಮ್ಮೆಲ್ಲರ ಹಾರೈಕೆ. ಈ ಬರಹದ ಕೊನೆಗೆ ಸಹಿ ಹಾಕುವ ಧೈರ್ಯ ಈ ಲೇಖಕಿಗೆ ಬಂದದ್ದು, ಓದಿ ಮುಗಿಸಿದಾಗ ಇಸ್ತ್ರಿ ಅಕ್ಕ ತಮ್ಮನ ಮುಖ ನೋಡಿ, ತಲೆಯಾಡಿಸಿ ಹೇಳಿದ ಮಾತಿನಿಂದ:

"ಹೂಂ. ನಾನು ಹೇಳಿದ್ದು ಇದೇ."